ಗಗನಯಾತ್ರಿಯ ಸಿದ್ಧತೆ

ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ನಂದಿಬೆಟ್ಟವು ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬೆಟ್ಟದ ನೆತ್ತಿಯಲ್ಲಿ ನಿಂತ ಹುಡುಗನೊಬ್ಬನು ಒಂದು ಕಲ್ಲನ್ನು ನೇರವಾಗಿ ಮುಂದಕ್ಕೆ ಎಸೆದರೆ ಅದು ಸ್ವಲ್ಪ ದೂರ ಸಾಗಿ, ಬಾಗಿ, ಕೆಳಗಿನ ಕಾಡಿನಲ್ಲಿ ಬೀಳುತ್ತದೆ. ಇನ್ನಷ್ಟು ಬಲವಾಗಿ ಎಸೆದರೆ ಇನ್ನಷ್ಟು ದೂರದಲ್ಲಿ ಬೀಳುತ್ತದೆ. ಆ ಹುಡುಗನ ತೋಳಿಗೆ ಅಸಾಧಾರಣ ಶಕ್ತಿಯಿದ್ದು, ಕಲ್ಲು ಚಿಂತಾಮಣಿಯನ್ನು ದಾಟಿ, ಬಂಗಾಳಕೊಲ್ಲಿಯನ್ನೂ ದಾಟಿ ಹೋಗುವಂತೆ ಅವನು ಎಸೆಯಬಲ್ಲನಾದರೆ ಏನಾದೀತು? ಭೂಮಿಯು ಗುಂಡಾಗಿರುವುದರಿಂದ, ಕಲ್ಲು ಬೀಳುತ್ತ ಹೋದಂತೆ ನೆಲವೂ ಅದರ ಅಡಿಯಲ್ಲಿ ಬಾಗುತ್ತ ಹೋಗುತ್ತದೆ. ವೇಗವು ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ಆದಾಗ ಕಲ್ಲಿನ ಬೀಳುವಿಕೆಯೂ ನೆಲದ ಬಾಗುವಿಕೆಯೂ ಸರಿಸಮವಾಗುತ್ತವೆ. ಗಾಳಿಯ ತಡೆಯೂ ಎದುರಿಗೆ ಎತ್ತರದ ಪರ್ವತಗಳೂ ಇಲ್ಲದಿದ್ದರೆ, ಆ ಕಲ್ಲು ಬೀಳುತ್ತಲೇ ಇದ್ದರೂ ನೆಲವನ್ನು ಮುಟ್ಟದೆ ಭೂಮಿಯನ್ನು ಸುತ್ತಿ, ಒಂದೂವರೆ ಗಂಟೆಯೊಳಗೆ ಹುಡುಗನ ಬೆನ್ನ ಹಿಂದಿನಿಂದ ಬಂದೀತು!

ಗಗನನೌಕೆಯು ಇಂತಹ ಒಂದು ಕಲ್ಲು. ಗಗನಯಾತ್ರಿಯು ಆ ಕಲ್ಲಿಗೆ ಅಂಟಿಕೊಂಡ ಇರುವೆ. ಆಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲವೆಂದೂ ಆದುದರಿಂದಲೇ ಗಗನಯಾತ್ರಿಗಳು ತೇಲುತ್ತಾರೆಂದೂ ಅನೇಕರು ತಿಳಿದಿರುವುದುಂಟು. ಅದು ತಪ್ಪು. ಭೂಮಿಯಿಂದ 400 ಕಿಲೋಮೀಟರ್ ಎತ್ತರದಲ್ಲಿಯೂ ಗುರುತ್ವವು ನೆಲದ ಮೇಲಿರುವುದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲಿನಷ್ಟು ಇದ್ದೇ ಇರುತ್ತದೆ. ನೌಕೆಯೂ ಅದರೊಳಗಿನ ಮನುಷ್ಯನೂ ಅವನ ಕೈಯಲ್ಲಿರುವ ಚಮಚವೂ ಒಂದೇ ಸಮನಾಗಿ ಬೀಳುತ್ತಿರುವುದರಿಂದ ಒಂದರ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ. ಭಾರರಹಿತ ಸ್ಥಿತಿ ಎಂದರೆ ಇದೇ.

ಕೇಳುವುದಕ್ಕೆ ಇದು ಸುಖವೆನ್ನಿಸುತ್ತದೆ. ಆದರೆ ಮನುಷ್ಯನ ದೇಹವು ನೆಲಕ್ಕಾಗಿ ರೂಪುಗೊಂಡಿದೆ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು, ಬೆನ್ನನ್ನು ನೆಟ್ಟಗೆ ನಿಲ್ಲಿಸುವುದು, ಮೇಲು ಕೆಳಗುಗಳನ್ನು ಕಿವಿಯ ಒಳಭಾಗದ ಅಂಗದಿಂದ ಅರಿಯುವುದು, ಇವೆಲ್ಲವೂ ಗುರುತ್ವವಿದೆಯೆಂಬ ಭರವಸೆಯ ಮೇಲೆ ನಡೆಯುವ ಕೆಲಸಗಳು. ಆ ಭರವಸೆ ತಪ್ಪಿದೊಡನೆ ರಕ್ತವು ತಲೆಯತ್ತ ಸರಿದು ಮುಖ ಊದಿಕೊಳ್ಳುತ್ತದೆ. ಕಣ್ಣು ಒಂದು ಹೇಳಿದರೆ ಕಿವಿ ಇನ್ನೊಂದು ಹೇಳಿ ವಾಕರಿಕೆ ಬರುತ್ತದೆ. ದಿನಗಳು ಕಳೆದಂತೆ ಕೆಲಸವಿಲ್ಲದ ಮಾಂಸಖಂಡಗಳು ಸೊರಗುತ್ತವೆ, ಮೂಳೆಗಳಿಂದ ಸುಣ್ಣದ ಅಂಶ ಕರಗಿ ಹೋಗುತ್ತದೆ. ಇದಕ್ಕೆಲ್ಲ ಮೊದಲೇ ಸಿದ್ಧನಾಗದೆ ಹೊರಟವನು ನೌಕೆಯಲ್ಲಿ ಯಾತ್ರಿಯಾಗಿರುವುದಿಲ್ಲ, ಸರಕಾಗಿರುತ್ತಾನೆ.

ಈ ಸಿದ್ಧತೆಯ ಒಂದು ಮುಖ್ಯ ನೆಲೆ ಚಿಕ್ಕಬಳ್ಳಾಪುರದಿಂದ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿಯೇ ಇದೆ. ವಿಮಾನಪುರದಲ್ಲಿರುವ ವಾಯುಪಡೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆಯು 1957ರಲ್ಲಿ ವಿಮಾನ ಚಾಲಕರ ಆರೋಗ್ಯವನ್ನು ಅಭ್ಯಸಿಸುವ ಶಾಲೆಯಾಗಿ ಪ್ರಾರಂಭವಾಯಿತು. ಅಲ್ಲಿ ಮನುಷ್ಯನನ್ನು ಕೂರಿಸಿ ತಿರುಗಿಸುವ ದೊಡ್ಡ ಯಂತ್ರವೊಂದುಂಟು. ನೀರು ತುಂಬಿದ ಚಿಕ್ಕ ಬಕೆಟ್ಟನ್ನು ತೋಳು ಚಾಚಿ ವೇಗವಾಗಿ ಸುತ್ತಿಸಿದರೆ, ಬಕೆಟ್ಟು ತಲೆಕೆಳಗಾದರೂ ನೀರು ಚೆಲ್ಲುವುದಿಲ್ಲ. ಅದು ತಳಕ್ಕೆ ಅದುಮಿಕೊಂಡಿರುತ್ತದೆ. ಯಂತ್ರದ ಉದ್ದನೆಯ ತೋಳಿನ ತುದಿಯಲ್ಲಿರುವ ಗೂಡಿನಲ್ಲಿ ಕುಳಿತವನ ಪಾಡೂ ಆ ನೀರಿನದೇ. ವೇಗವು ಏರಿ ಗುರುತ್ವದ ನಾಲ್ಕು ಪಟ್ಟು ಒತ್ತಡ ಬಂದಾಗ, 70 ಕಿಲೋಗ್ರಾಂ ತೂಕದ ಮನುಷ್ಯನಿಗೆ ತನ್ನ ದೇಹವು 280 ಕಿಲೋಗ್ರಾಂ ಆದಂತೆ ತೋರುತ್ತದೆ. ಎದೆಯ ಗೂಡನ್ನು ಎತ್ತಿ ಉಸಿರೆಳೆಯುವುದೇ ಒಂದು ಶ್ರಮ. ರಾಕೆಟ್ಟು ಏರುವಾಗಲೂ ನೌಕೆಯು ವಾತಾವರಣವನ್ನು ಸೀಳಿಕೊಂಡು ಇಳಿಯುವಾಗಲೂ ಇಂತಹ ಒತ್ತಡ ಉಂಟಾಗುತ್ತದೆ. ಯಾತ್ರಿಗಳನ್ನು ಮೇಲುಮುಖವಾಗಿ ಮಲಗಿಸಿದಂತೆ ಕೂರಿಸುವುದು ಇದಕ್ಕಾಗಿಯೇ. ಒತ್ತಡವು ಎದೆಯಿಂದ ಬೆನ್ನಿಗೆ ಹೋದರೆ ದೇಹವು ತಾಳಿಕೊಳ್ಳುತ್ತದೆ. ತಲೆಯಿಂದ ಕಾಲಿಗೆ ಹೋದರೆ ಮಿದುಳಿನ ರಕ್ತವು ಇಳಿದು ಕಣ್ಣು ಕತ್ತಲೆಗೂಡುತ್ತದೆ.

1982ರಲ್ಲಿ ಸೋವಿಯತ್ ಒಕ್ಕೂಟದೊಡನೆ ಕೂಡಿ ಭಾರತೀಯನೊಬ್ಬನನ್ನು ಅಂತರಿಕ್ಷಕ್ಕೆ ಕಳುಹಿಸುವ ನಿರ್ಧಾರವಾಗಿತ್ತು. ವಾಯುಪಡೆಯ ಚಾಲಕರಿಂದ ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ಎಂಬ ಇಬ್ಬರು ಆಯ್ಕೆಯಾದರು. ಯಂತ್ರಗಳ ಪರೀಕ್ಷೆಗಿಂತ ವಿಚಿತ್ರವಾದ ಪರೀಕ್ಷೆಯೊಂದನ್ನು ರಾಕೇಶ್ ಶರ್ಮಾ ಬೆಂಗಳೂರಿನಲ್ಲಿ ಎದುರಿಸಬೇಕಾಯಿತು. ಅವರನ್ನು 72 ಗಂಟೆಗಳ ಕಾಲ ಒಂದು ಕೋಣೆಯಲ್ಲಿ ಕೂಡಿಹಾಕಲಾಯಿತು. ಇಕ್ಕಟ್ಟಾದ ಜಾಗದ ಭಯವು ಮನಸ್ಸಿನ ಯಾವುದಾದರೂ ಮೂಲೆಯಲ್ಲಿ ಅಡಗಿದೆಯೇ ಎಂದು ತಿಳಿಯುವುದು ಅದರ ಉದ್ದೇಶ. ಯುದ್ಧವಿಮಾನ ನಡೆಸಿದ ಧೈರ್ಯಶಾಲಿಗೆ ಇದೇನು ಪರೀಕ್ಷೆ ಎನ್ನಿಸಬಹುದು. ಆದರೆ ವಿಮಾನದ ಚಾಲಕನು ಒಂದೆರಡು ಗಂಟೆಗಳಲ್ಲಿ ನೆಲಕ್ಕೆ ಇಳಿಯುತ್ತಾನೆ. ಗಗನನೌಕೆಯಲ್ಲಿ ಬಾಗಿಲು ತೆರೆದು ಹೊರಗೆ ಬರುವಂತಿಲ್ಲ. ಸುಮ್ಮನಿರುವ ಧೈರ್ಯವು ಮುನ್ನುಗ್ಗುವ ಧೈರ್ಯಕ್ಕಿಂತ ಬೇರೆಯಾದುದು.

ಬಳಿಕ ಇಬ್ಬರೂ ಮಾಸ್ಕೋ ಸಮೀಪದ ತಾರಾನಗರಕ್ಕೆ ಹೋದರು. ಅಲ್ಲಿ ಪಾಠಗಳೆಲ್ಲ ರಷ್ಯನ್ ಭಾಷೆಯಲ್ಲಿ. ದಿನಕ್ಕೆ ಆರೇಳು ಗಂಟೆಗಳಂತೆ ಸುಮಾರು ಮೂರು ತಿಂಗಳು ಶರ್ಮಾ ಆ ಭಾಷೆಯನ್ನು ಕಲಿತರು. ನಲವತ್ತು ಗುಂಡಿಗಳಿರುವ ಫಲಕದ ಮುಂದೆ ಕುಳಿತಾಗ ಸಹಯಾತ್ರಿಯ ಮಾತನ್ನು ಮನಸ್ಸಿನಲ್ಲಿ ಅನುವಾದಿಸಿಕೊಳ್ಳುತ್ತ ಕೂರಲು ಸಮಯವೆಲ್ಲಿ? ಹಿಮದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆಯುವುದೂ ದಿನಚರಿಯ ಭಾಗವಾಗಿತ್ತು.

ಭಾರರಹಿತ ಸ್ಥಿತಿಯನ್ನು ನೆಲದ ಮೇಲೆ ತರುವುದು ಹೇಗೆ? ಪೂರ್ತಿಯಾಗಿ ತರಲಾಗದು, ಅದರ ತುಣುಕುಗಳನ್ನು ಮಾತ್ರ ತರಬಹುದು. ದೊಡ್ಡ ವಿಮಾನವೊಂದು ಎತ್ತರಕ್ಕೆ ಏರಿ, ಎಸೆದ ಕಲ್ಲಿನ ದಾರಿಯಲ್ಲಿ ಬಾಗಿ ಇಳಿದರೆ, ಅದರೊಳಗಿರುವವರು ಸುಮಾರು 25 ಸೆಕೆಂಡುಗಳ ಕಾಲ ನಿಜವಾಗಿಯೂ ತೇಲುತ್ತಾರೆ. ಆ 25 ಸೆಕೆಂಡುಗಳಲ್ಲಿ ಅಂಗಿ ತೊಡಬೇಕು, ನೀರು ಕುಡಿಯಬೇಕು, ಉಪಕರಣ ಜೋಡಿಸಬೇಕು. ಮರುಕ್ಷಣವೇ ವಿಮಾನವು ಮೇಲೇರತೊಡಗಿ ದೇಹದ ಭಾರ ಎರಡರಷ್ಟಾಗುತ್ತದೆ. ಹೀಗೆ ಮತ್ತೆ ಮತ್ತೆ. ಹೊಟ್ಟೆ ಗಟ್ಟಿಯಿಲ್ಲದವನಿಗೆ ಇದು ಹಿತವಲ್ಲ.

ಇನ್ನೊಂದು ಉಪಾಯ ನೀರಿನದು. ಚಿಂತಾಮಣಿಯ ಸುತ್ತಿನ ಹಳ್ಳಿಗಳಲ್ಲಿ ತೆರೆದ ಬಾವಿಗಳು ತುಂಬಿರುತ್ತಿದ್ದ ಕಾಲದಲ್ಲಿ ಈಜು ಕಲಿತವರಿಗೆ ಒಂದು ಸಂಗತಿ ಗೊತ್ತು: ದಡದ ಮೇಲೆ ಅಲುಗದ ಕಲ್ಲು ನೀರಿನೊಳಗೆ ಹಗುರವಾಗಿ ಬರುತ್ತದೆ. ನೌಕೆಯಿಂದ ಹೊರಗೆ ಬಂದು ಕೆಲಸ ಮಾಡಬೇಕಾದವರನ್ನು ಉಡುಪು ಸಮೇತ ಆಳವಾದ ಕೊಳಕ್ಕೆ ಇಳಿಸಿ, ಮುಳುಗದಂತೆಯೂ ಮೇಲೇಳದಂತೆಯೂ ಭಾರವನ್ನು ಸರಿದೂಗಿಸುತ್ತಾರೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ಕೊಳವು 62 ಮೀಟರ್ ಉದ್ದ, 31 ಮೀಟರ್ ಅಗಲ, 12 ಮೀಟರ್ ಆಳವಾಗಿದೆ. ಆದರೂ ನೀರು ನೀರೇ. ಅದು ಕೈಯನ್ನು ತಡೆಯುತ್ತದೆ. ಆಕಾಶದಲ್ಲಿ ತಡೆಯುವುದಕ್ಕೆ ಏನೂ ಇಲ್ಲ. ಕೊಳದಲ್ಲಿ ಕೈತಪ್ಪಿದ ಉಪಕರಣವು ತಳ ಸೇರುತ್ತದೆ. ಮೇಲೆ ಅದು ಜೊತೆಯಲ್ಲಿಯೇ ತೇಲುತ್ತ ದೂರವಾಗುತ್ತದೆ.

ಇವೆಲ್ಲವೂ ದೇಹದ ಶಿಕ್ಷಣ. ಕಾಲದ ಹೆಚ್ಚಿನ ಪಾಲು ವ್ಯಯವಾಗುವುದು ಬೇರೊಂದರಲ್ಲಿ. ನೌಕೆಯ ಒಳಭಾಗವನ್ನು ಯಥಾವತ್ತಾಗಿ ಹೋಲುವ ಅಣಕುನೌಕೆಯಲ್ಲಿ ಯಾತ್ರಿಗಳನ್ನು ಕೂರಿಸಿ, ಹೊರಗಿನಿಂದ ಬೋಧಕರು ಕೆಡುಕುಗಳನ್ನು ಒಂದೊಂದಾಗಿ ಒಡ್ಡುತ್ತಾರೆ. ಒಮ್ಮೆ ಗಾಳಿಯ ಒತ್ತಡ ಇಳಿಯುತ್ತದೆ, ಒಮ್ಮೆ ಹೊಗೆ ಬರುತ್ತದೆ, ಒಮ್ಮೆ ಗಣಕಯಂತ್ರವು ಸ್ತಬ್ಧವಾಗುತ್ತದೆ. ಕೆಲವೊಮ್ಮೆ ಎರಡು ಕೆಡುಕುಗಳು ಒಟ್ಟಿಗೆ ಬರುತ್ತವೆ. ಯಾತ್ರಿಯು ಕಲಿಯುವ ನೂರು ಪಾಠಗಳಲ್ಲಿ ತೊಂಬತ್ತು, ಎಂದೂ ನಡೆಯದಿರಲಿ ಎಂದು ಎಲ್ಲರೂ ಹಾರೈಸುವ ಘಟನೆಗಳ ಪಾಠಗಳು.

ಅವುಗಳಲ್ಲಿ ಒಂದು 2018ರ ಅಕ್ಟೋಬರ್ 11ರಂದು ನಿಜವಾಗಿ ನಡೆಯಿತು. ಬೈಕನೂರಿನಿಂದ ಹೊರಟ ಸೋಯುಜ್ ರಾಕೆಟ್ಟು ಏರತೊಡಗಿ ಸುಮಾರು ಎರಡು ನಿಮಿಷಗಳಾಗಿದ್ದವು. ಕಳಚಿಕೊಳ್ಳಬೇಕಾಗಿದ್ದ ಪಕ್ಕದ ರಾಕೆಟ್ಟೊಂದು ನಡುವಿನ ಭಾಗಕ್ಕೆ ಬಡಿಯಿತು. ರಕ್ಷಣಾ ವ್ಯವಸ್ಥೆಯು ನೌಕೆಯನ್ನು ಕೂಡಲೆ ಬೇರ್ಪಡಿಸಿ ದೂರಕ್ಕೆ ಒಯ್ದಿತು. ಅದರಲ್ಲಿದ್ದವರು ರಷ್ಯದ ಅಲೆಕ್ಸಿ ಒವ್‌ಚಿನಿನ್ ಮತ್ತು ಅಮೆರಿಕದ ನಿಕ್ ಹೇಗ್. ನೌಕೆಯು ಎಸೆದ ಕಲ್ಲಿನಂತೆ ಇಳಿಯುವಾಗ ಗುರುತ್ವದ ಆರೂವರೆ ಪಟ್ಟಿಗೂ ಮೀರಿದ ಒತ್ತಡವನ್ನು ಅವರು ಅನುಭವಿಸಿದರು. ಆದರೂ ತಮಗೆ ಏನಾಗಿದೆ, ಒತ್ತಡವೆಷ್ಟು ಎಂಬುದನ್ನು ಶಾಂತವಾಗಿ ನೆಲಕ್ಕೆ ವರದಿ ಮಾಡುತ್ತಲೇ ಇದ್ದರು. ಕಜಕಸ್ತಾನದ ಬಯಲಿನಲ್ಲಿ ಇಬ್ಬರೂ ಗಾಯವಿಲ್ಲದೆ ಇಳಿದರು. 2019ರ ಮಾರ್ಚ್ ತಿಂಗಳಲ್ಲಿ ಅದೇ ಇಬ್ಬರು ಮತ್ತೆ ಹೊರಟು ಅಂತರಿಕ್ಷ ನಿಲ್ದಾಣವನ್ನು ಸೇರಿದರು.

ಕಾಡಿನಲ್ಲಿ ಬದುಕುವ ತರಬೇತಿಯ ಹಿಂದೆಯೂ ಇಂತಹುದೇ ಕಥೆಯಿದೆ. 1965ರ ಮಾರ್ಚ್ ತಿಂಗಳಲ್ಲಿ ಪಾವೆಲ್ ಬೆಲ್ಯಾಯೆವ್ ಮತ್ತು ಅಲೆಕ್ಸಿ ಲಿಯೊನೋವ್ ಭೂಮಿಗೆ ಹಿಂದಿರುಗುವಾಗ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟಿತು. ಅವರು ಕೈಯಿಂದಲೇ ನೌಕೆಯನ್ನು ನಡೆಸಿ, ಗೊತ್ತಾದ ಸ್ಥಳದಿಂದ ನೂರಾರು ಕಿಲೋಮೀಟರ್ ದೂರದ ದಟ್ಟವಾದ ಹಿಮಾರಣ್ಯದಲ್ಲಿ ಇಳಿದರು. ಹೆಲಿಕಾಪ್ಟರುಗಳು ಅವರನ್ನು ಕಂಡರೂ ಮರಗಳ ನಡುವೆ ಇಳಿಯಲಾಗಲಿಲ್ಲ. ಎರಡು ರಾತ್ರಿಗಳನ್ನು ಚಳಿಯಲ್ಲಿ ಕಳೆದು, ಹಿಮಪಾದುಕೆಗಳ ಮೇಲೆ ಜಾರುತ್ತ ಬಯಲಿಗೆ ಬಂದ ಮೇಲೆ ಅವರನ್ನು ಕರೆದೊಯ್ಯಲಾಯಿತು. ನಭದಲ್ಲಿ ನಡೆದಾಡಿದ ಮೊದಲ ಮಾನವ ಲಿಯೊನೋವ್. ನೆಲಕ್ಕೆ ಬಂದ ಮೇಲೆ ಆತನಿಗೆ ಒದಗಿದುದು ಬೆಂಕಿ ಹೊತ್ತಿಸುವ ವಿದ್ಯೆ.

ಯಾತ್ರಿಯು ಕಲಿತು ಜಯಿಸಲಾಗದ ಅಪಾಯವೂ ಒಂದುಂಟು. ಸೂರ್ಯನ ಮೇಲೆ ಆಗಾಗ ಏಳುವ ಬಿರುಗಾಳಿಗಳು ವಿದ್ಯುತ್ಕಣಗಳನ್ನು ಅಪಾರ ವೇಗದಲ್ಲಿ ಹೊರಚೆಲ್ಲುತ್ತವೆ. 1972ರಲ್ಲಿ ಏಪ್ರಿಲ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಮನುಷ್ಯರು ಚಂದ್ರನ ಮೇಲಿಳಿದರು. ಇವೆರಡರ ನಡುವೆ, ಆಗಸ್ಟ್ ತಿಂಗಳಲ್ಲಿ, ಅತ್ಯುಗ್ರವಾದ ಸೌರ ಬಿರುಗಾಳಿಯೊಂದು ಎದ್ದಿತು. ಆಗ ಯಾರೂ ಚಂದ್ರನ ಮೇಲಿರಲಿಲ್ಲ ಎಂಬುದು ಕೇವಲ ಅದೃಷ್ಟ. ಇಲ್ಲಿ ಸಿದ್ಧರಾಗಬೇಕಾದವರು ನೆಲದ ಮೇಲೆ ನಿಂತು ಸೂರ್ಯನನ್ನು ಕಾಯುವವರು. ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗಳು ಜೊತೆಗೂಡಿ 1976ರಲ್ಲಿ ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದವು. ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1,000 ಆಂಟೆನಾಗಳನ್ನು ನೆಡಲಾಗಿತ್ತು. ಅಲ್ಲಿಯೇ 1997ರಿಂದ ಸೂರ್ಯನ ಹೊರ ಆವರಣವನ್ನು ರೇಡಿಯೋ ಅಲೆಗಳಲ್ಲಿ ಚಿತ್ರಿಸುವ ಮತ್ತೊಂದು ಉಪಕರಣವು ಕೆಲಸ ಮಾಡತೊಡಗಿತು. ಅದು ಗಗನಯಾತ್ರಿಗಳಿಗೆಂದೇ ಕಟ್ಟಿದುದಲ್ಲ, ಸೂರ್ಯನನ್ನು ಅರಿಯಲೆಂದು ಕಟ್ಟಿದುದು. ಆದರೆ ಬಿರುಗಾಳಿಯು ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯದೆ ಅದರ ಮುನ್ಸೂಚನೆ ನೀಡುವುದು ಸಾಧ್ಯವಿಲ್ಲವಷ್ಟೆ.

ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಯೂರಿ ಮಾಲಿಶೆವ್ ಮತ್ತು ಗೆನ್ನಾದಿ ಸ್ಟ್ರೆಕಲೋವ್ ಅವರೊಡನೆ ಅಂತರಿಕ್ಷಕ್ಕೆ ಹೋದರು. ಸಲ್ಯೂತ್-7 ನಿಲ್ದಾಣದಲ್ಲಿ ಯೋಗಾಸನಗಳನ್ನು ಹಾಕಿ, ಭಾರರಹಿತ ಸ್ಥಿತಿಗೆ ಹೊಂದಿಕೊಳ್ಳಲು ಅವು ನೆರವಾಗುವುವೇ ಎಂಬ ಪರೀಕ್ಷೆಗೆ ತಮ್ಮ ದೇಹವನ್ನೇ ಒಡ್ಡಿದರು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ತಯಾರಿಸಿದ ತಿನಿಸುಗಳು ಅವರ ಜೊತೆಯಲ್ಲಿದ್ದವು. ಏಪ್ರಿಲ್ 11ರಂದು ಅವರು ಹಿಂದಿರುಗಿದರು. ದೇಶದ ಮಕ್ಕಳೆಲ್ಲ ಆ ಹೆಸರನ್ನು ಬಲ್ಲರು.

ರವೀಶ್ ಮಲ್ಹೋತ್ರಾ ಅವರ ಹೆಸರನ್ನು ಬಲ್ಲವರು ಕಡಿಮೆ. ಅವರು ಅದೇ ಭಾಷೆಯನ್ನು ಕಲಿತರು, ಅದೇ ಅಣಕುನೌಕೆಯಲ್ಲಿ ಅಭ್ಯಾಸ ಮಾಡಿದರು. ಉಡಾವಣೆಯ ಹಿಂದಿನ ದಿನ ಶರ್ಮಾ ಅವರಿಗೆ ಜ್ವರ ಬಂದಿದ್ದರೆ ಮೊದಲ ಭಾರತೀಯ ಗಗನಯಾತ್ರಿ ಅವರೇ ಆಗುತ್ತಿದ್ದರು. ಬರಲಿಲ್ಲ, ಮಲ್ಹೋತ್ರಾ ನೆಲದಲ್ಲಿಯೇ ಉಳಿದರು. ಶರ್ಮಾ ಅವರಿಗೆ ಅಶೋಕಚಕ್ರವನ್ನೂ ಮಲ್ಹೋತ್ರಾ ಅವರಿಗೆ ಕೀರ್ತಿಚಕ್ರವನ್ನೂ ನೀಡಿ ರಾಷ್ಟ್ರವು ಗೌರವಿಸಿತು. ಅದಾದ ಮರುವರ್ಷ ಇಸ್ರೋ ಸಂಸ್ಥೆಯ ಎಂಜಿನಿಯರುಗಳಾದ ನಾಗಪತಿ ಚಿದಂಬರ ಭಟ್ ಮತ್ತು ಪಿ. ರಾಧಾಕೃಷ್ಣನ್ ಅಮೆರಿಕದ ಗಗನನೌಕೆಯಲ್ಲಿ ಪ್ರಯಾಣಿಸಲು ಆಯ್ಕೆಯಾದರು. ಇನ್ಸಾಟ್ ಉಪಗ್ರಹದ ಉಡಾವಣೆಯ ವೇಳೆ ಇಬ್ಬರಲ್ಲಿ ಒಬ್ಬರು ಹೋಗಬೇಕಾಗಿತ್ತು. ಆದರೆ 1986ರ ಜನವರಿ 28ರಂದು ಚಾಲೆಂಜರ್ ನೌಕೆಯು ಏಳು ಜನರೊಡನೆ ಆಕಾಶದಲ್ಲಿಯೇ ನಾಶವಾಯಿತು. ಭಾರತೀಯನನ್ನು ಕರೆದೊಯ್ಯಬೇಕಾಗಿದ್ದ ಯಾತ್ರೆ ರದ್ದಾಯಿತು. ಸಿದ್ಧರಾಗಿದ್ದವರು ತಮ್ಮ ಹಳೆಯ ಕೆಲಸಗಳಿಗೆ ಮರಳಿದರು.

ಬಳಿಕ ಹಲವು ದಶಕಗಳ ಕಾಲ ಭಾರತದಿಂದ ಯಾರೂ ಹೊರಡಲಿಲ್ಲ. 2018ರಲ್ಲಿ ಗಗನಯಾನ ಯೋಜನೆಯು ಪ್ರಕಟವಾಯಿತು. 2019ರಲ್ಲಿ ಬೆಂಗಳೂರಿನಲ್ಲಿ ಮಾನವಸಹಿತ ಅಂತರಿಕ್ಷಯಾನ ಕೇಂದ್ರವು ಪ್ರಾರಂಭವಾಯಿತು. ವಾಯುಪಡೆಯ ಪರೀಕ್ಷಾ ಚಾಲಕರಲ್ಲಿ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ಎಂಬ ನಾಲ್ವರು ವಿಮಾನಪುರದ ಅದೇ ವೈದ್ಯಕೀಯ ಸಂಸ್ಥೆಯ ಪರೀಕ್ಷೆಗಳನ್ನು ದಾಟಿ ಬಂದರು. 2020ರ ಫೆಬ್ರವರಿಯಿಂದ 2021ರ ಮಾರ್ಚ್‌ವರೆಗೆ ರಷ್ಯದಲ್ಲಿ ಕಲಿತು, ಅನಂತರ ಬೆಂಗಳೂರಿನಲ್ಲಿ ಅಭ್ಯಾಸ ಮುಂದುವರಿಸಿದರು. ಅವರ ಹೆಸರುಗಳನ್ನು ದೇಶಕ್ಕೆ ತಿಳಿಸಿದುದು 2024ರ ಫೆಬ್ರವರಿ 27ರಂದು. ಅಲ್ಲಿಯವರೆಗೆ ನಾಲ್ಕು ವರ್ಷಗಳ ಕಾಲ ಅವರು ಹೆಸರಿಲ್ಲದ ವಿದ್ಯಾರ್ಥಿಗಳಾಗಿದ್ದರು.

ಅದೇ ವರ್ಷದ ಆಗಸ್ಟ್ ತಿಂಗಳಿನಿಂದ ಶುಕ್ಲಾ ಮತ್ತು ನಾಯರ್ ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗುವ ಆಕ್ಸಿಯಮ್-4 ಯಾತ್ರೆಗಾಗಿ ಅಮೆರಿಕದಲ್ಲಿ ತರಬೇತಿ ಪಡೆಯತೊಡಗಿದರು. ಆಸನವಿದ್ದುದು ಒಬ್ಬರಿಗೆ. ಶುಕ್ಲಾ ಹೋಗುವವರು, ನಾಯರ್ ಬದಲಿ.

2025ರ ಮೇ 25ರಂದು ಯಾತ್ರಿಗಳು ಪ್ರತ್ಯೇಕವಾಸವನ್ನು ಪ್ರವೇಶಿಸಿದರು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮಕ್ಕಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಸಾಕುವ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ನಾಲ್ಕನೆಯ ಜ್ವರ ಎದ್ದ ಹುಳುವಿಗೆ ರೋಗ ತಗುಲಿದರೆ ತಿಂಗಳ ದುಡಿಮೆಯೆಲ್ಲ ವ್ಯರ್ಥ. 1970ರ ಏಪ್ರಿಲ್ ತಿಂಗಳಲ್ಲಿ ಅಪೋಲೋ-13ರ ಯಾತ್ರಿ ಕೆನ್ ಮ್ಯಾಟಿಂಗ್ಲಿ ದಡಾರದಂತಹ ಸೋಂಕು ತಗುಲಿದ್ದ ಗೆಳೆಯನೊಬ್ಬನ ಜೊತೆಯಲ್ಲಿದ್ದುದು ತಿಳಿದು, ಹೊರಡಲು ಕೆಲವೇ ದಿನಗಳಿರುವಾಗ ಅವರನ್ನು ಕೈಬಿಡಲಾಯಿತು. ಬದಲಿಯಾಗಿದ್ದ ಜ್ಯಾಕ್ ಸ್ವಿಗರ್ಟ್ ಹೋದರು. ದಾರಿಯಲ್ಲಿ ಆಮ್ಲಜನಕದ ತೊಟ್ಟಿ ಸಿಡಿದು ನೌಕೆಯು ಸಂಕಟಕ್ಕೆ ಸಿಲುಕಿತು. ಆಗ ಮ್ಯಾಟಿಂಗ್ಲಿ ನೆಲದ ಮೇಲಿದ್ದುಕೊಂಡು, ಉಳಿದಿರುವ ಅಲ್ಪ ವಿದ್ಯುತ್ತಿನಲ್ಲಿ ನೌಕೆಯನ್ನು ಮತ್ತೆ ಎಚ್ಚರಿಸುವ ಕ್ರಮವನ್ನು ಸಿದ್ಧಪಡಿಸಲು ನೆರವಾದರು. ಆತನಿಗೆ ಆ ರೋಗ ಬರಲೇ ಇಲ್ಲ.

ಆಕ್ಸಿಯಮ್-4 ಹೊರಡುವ ದಿನವು ಹಲವು ಬಾರಿ ಮುಂದಕ್ಕೆ ಹೋಯಿತು. ಒಮ್ಮೆ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡಿತು. ಅದು ಸರಿಹೋಗುವಷ್ಟರಲ್ಲಿ ನಿಲ್ದಾಣದ ಒಂದು ಭಾಗದಲ್ಲಿ ಗಾಳಿಯ ಸೋರಿಕೆಯ ಚಿಂತೆ. ಯಾತ್ರಿಗಳು ಒಂದು ತಿಂಗಳ ಕಾಲ ಹೊರಜಗತ್ತಿನಿಂದ ಬೇರೆಯಾಗಿ ಕಾದರು. ಬೆಂಗಳೂರಿನ ಮುಚ್ಚಿದ ಕೋಣೆಯಲ್ಲಿ 72 ಗಂಟೆಗಳ ಕಾಲ ಪರೀಕ್ಷಿಸಿದ ಗುಣವು ಇಲ್ಲಿ ಬೇಕಾಗಿತ್ತು. ಜೂನ್ 25ರಂದು ಭಾರತೀಯ ಕಾಲಮಾನ ಮಧ್ಯಾಹ್ನ 12 ಗಂಟೆ ದಾಟಿದಾಗ ರಾಕೆಟ್ಟು ಮೇಲೇರಿತು. ಎಲ್ಲ ಪಾಠಗಳನ್ನೂ ಕಲಿತಿದ್ದ ಪ್ರಶಾಂತ್ ನಾಯರ್ ನೆಲದಲ್ಲಿದ್ದರು.

ನಿಲ್ದಾಣವನ್ನು ಸೇರಿದ ದಿನ ಶುಕ್ಲಾ, ತಾವು ನಡೆಯುವುದನ್ನೂ ತಿನ್ನುವುದನ್ನೂ ಮಗುವಿನಂತೆ ಹೊಸದಾಗಿ ಕಲಿಯುತ್ತಿರುವುದಾಗಿ ಹೇಳಿದರು. ವರ್ಷಗಳ ತರಬೇತಿ ಮುಗಿದ ಮೇಲೂ ಕಲಿಕೆ ಉಳಿದಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ್ದ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳನ್ನು ಅವರು ಅಲ್ಲಿ ಮೊಳೆಯಿಸಿದರು. ಜುಲೈ 15ರಂದು ಪೆಸಿಫಿಕ್ ಸಾಗರದಲ್ಲಿ ಇಳಿದರು.

ಆಮೇಲೆ ಇನ್ನೊಂದು ತರಬೇತಿ ಪ್ರಾರಂಭವಾಯಿತು: ನೆಲದ ಮೇಲೆ ನಿಲ್ಲುವುದು, ಹೆಜ್ಜೆಯಿಡುವುದು. ಕೈಗೆ ಕೊಟ್ಟ ದೂರವಾಣಿಯು ಅವರಿಗೆ ಭಾರವೆನ್ನಿಸಿತು. ಒಂದು ದಿನ ಹಾಸಿಗೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದವರು ಲ್ಯಾಪ್‌ಟಾಪ್ ಗಣಕವನ್ನು ಮುಚ್ಚಿ, ಅದು ತೇಲುತ್ತ ನಿಲ್ಲುವುದೆಂಬ ಭಾವದಿಂದ ಪಕ್ಕದಲ್ಲಿ ಗಾಳಿಯಲ್ಲಿಯೇ ಬಿಟ್ಟುಬಿಟ್ಟರು. ಅದು ಬಿದ್ದಿತು. ನೆಲದ ಮೇಲೆ ಜಮಖಾನೆ ಹಾಸಿತ್ತು.